ಸುರಂಗದೊಳಗೆ ರೇಡಿಯೋ ಸಿಗ್ನಲ್: ಲೆಕ್ಕ ಹಾಕೋದು ಹೇಗೆ?

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ರೈಲು ಸುರಂಗಗಳಿವೆ. ನಾನು ಹುಡುಗರಿಗೆ ಈ ಲೆಕ್ಕ ಕಲಿಸುವುದು ಅಂಥ ಸುರಂಗವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಮೊದಲು ಅಗಲ, ಎತ್ತರ ಬರೆದುಕೊಳ್ಳಿ. ಸುಲಭಕ್ಕೆ ಎರಡೂ 5 ಮೀಟರ್ ಅನ್ನಿ. ಬೆಳಕಿನ ವೇಗವನ್ನು ಅಗಲದ ಎರಡರಷ್ಟರಿಂದ ಭಾಗಿಸಿ. 30 ಮೆಗಾಹರ್ಟ್ಸ್ ಬರುತ್ತದೆ. ಅದಕ್ಕಿಂತ ಕೆಳಗಿನ ಅಲೆ ಒಳಗೆ ಸಾಗುವುದೇ ಇಲ್ಲ.

ಈಗ 900 ಮೆಗಾಹರ್ಟ್ಸ್ ತೆಗೆದುಕೊಳ್ಳಿ. ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ಅಗಲದ ವರ್ಗವನ್ನು ಇದರಿಂದ ಭಾಗಿಸಿದರೆ 75 ಮೀಟರ್. ಅಲ್ಲಿವರೆಗೆ ಗೋಡೆಯಿಂದ ಪುಟಿದ ಕಿರಣಗಳೆಲ್ಲ ಬೆರೆತು ಸಿಗ್ನಲ್ ವಿಪರೀತ ಏರಿಳಿಯುತ್ತದೆ. ಅಷ್ಟು ದೂರಕ್ಕೆ ರೇ ಟ್ರೇಸಿಂಗ್ ಬಳಸಿ, ಅಂದರೆ ಪ್ರತಿ ಕಿರಣದ ದಾರಿ ಹಿಡಿದು ಲೆಕ್ಕ ಹಾಕಿ. ಆಮೇಲೆ ಮುಖ್ಯವಾಗಿ ಒಂದೇ ಮೋಡ್ (ಅಲೆ ಸಾಗುವ ಒಂದು ವಿನ್ಯಾಸ) ಉಳಿಯುತ್ತದೆ, ಸುರಂಗವನ್ನು ಅಲೆ ಸಾಗಿಸುವ ಕೊಳವೆಯಂತೆ ನೋಡುವ ವೇವ್‌ಗೈಡ್ ಸೂತ್ರ ಸಾಕು.

ನನಗೆ ತುಂಬಾ ಇಷ್ಟವಾದ ಭಾಗ ಇದು: ನಷ್ಟವು ತರಂಗದ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಗಲದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಕಾಂಕ್ರೀಟ್ ಗೋಡೆಗೆ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎನ್ನುವ ಅಳತೆ) 5 ಹಾಕಿದರೆ, 900 ಮೆಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ ಸುಮಾರು 12 ಡೆಸಿಬೆಲ್. 150 ಮೆಗಾಹರ್ಟ್ಸ್‌ನಲ್ಲಿ ಅದರ 36 ಪಟ್ಟು! ಹೊರಗಡೆ ಸಾಮಾನ್ಯವಾಗಿ ಕಡಿಮೆ ಮೆಗಾಹರ್ಟ್ಸ್ ಅಲೆಯೇ ದೂರ ಹೋಗುವುದು, ಆ ಅನುಭವಕ್ಕೆ ಇದು ಪೂರ್ತಿ ಉಲ್ಟಾ ಅಲ್ವಾ?

ಇದು ನೇರ, ಖಾಲಿ ಸುರಂಗದ ಲೆಕ್ಕ. ತಿರುವು, ಒರಟು ಬಂಡೆ, ಒಳಗೆ ನಿಂತ ರೈಲು, ಪ್ರತಿಯೊಂದಕ್ಕೂ ನಷ್ಟ ಬೇರೆಯಾಗಿ ಸೇರಿಸಿ. ನಂತರ ಸ್ಥಳದಲ್ಲೇ ಅಳೆದು, ಪರ್ಮಿಟಿವಿಟಿ ಸರಿಹೊಂದಿಸಿಕೊಳ್ಳಿ.