ವಿಆರ್‌ಎಸ್ ಅಂತ ಬರೆದಿದ್ದೆಲ್ಲ ವಿಆರ್‌ಎಸ್ ಅಲ್ಲ

ವಿಆರ್‌ಎಸ್ ಅಂದರೆ ಸ್ಕೋಡಾ ಆಕ್ಟೇವಿಯಾ ಕಾರಿನ ಹೆಚ್ಚು ಪವರ್‌ನ ಮಾದರಿ. ಕಾರವಾರದಲ್ಲಿದ್ದುಕೊಂಡು ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ವಿಆರ್‌ಎಸ್ 230 ಹುಡುಕುವುದು ಸುಲಭವಲ್ಲ. ನಮ್ಮ ಕಡೆ ಅಂಥ ಕಾರು ಇರುವುದೇ ಬೆರಳೆಣಿಕೆಯಷ್ಟು. ಹಾಗಾಗಿ ಗೋವಾ, ಬೆಳಗಾವಿ, ಹುಬ್ಬಳ್ಳಿ ಎಲ್ಲ ಕಡೆ ಹೇಳಿಟ್ಟಿದ್ದೆ.

ಮೊದಲು ನೋಡಿದ್ದು ಗೋವಾದ ಕಾರು. ಗ್ರಿಲ್ ಮೇಲೂ ಡಿಕ್ಕಿ ಮೇಲೂ ವಿಆರ್‌ಎಸ್ ಬ್ಯಾಡ್ಜ್, ಚಕ್ರದೊಳಗೆ ಕೆಂಪು ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ). ನನಗಂತೂ ಆಗಲೇ ಮನಸ್ಸು ಸೋತಿತ್ತು. ಆದರೂ ಆರ್‌ಸಿ ಕೇಳಿದೆ. ಅದರಲ್ಲಿ 1798 ಸಿಸಿ ಅಂತಿತ್ತು. ವಿಆರ್‌ಎಸ್ 230ಕ್ಕೆ ಇರುವುದು 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, ಅಂದರೆ 1984 ಸಿಸಿ, 230 ಪಿಎಸ್ ಪವರ್. 1798 ಅಂದರೆ ಮಾಮೂಲಿ 1.8 ಟಿಎಸ್‌ಐ, 180 ಪಿಎಸ್. ಕ್ಯಾಲಿಪರ್‌ಗೆ ಹೊಡೆದಿದ್ದು ಬರೀ ಪೇಂಟ್!

"ರೀಮ್ಯಾಪ್ ಮಾಡಿಸಿದ್ದೇವೆ, ಪವರ್ ಒಂದೇ" ಅಂದರು ಮಾರುವವರು. ರೀಮ್ಯಾಪ್ ಅಂದರೆ ಎಂಜಿನ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು. ಆದರೂ ಕಾರು ಒಂದೇ ಅಲ್ಲ. 1.8ರ ಏಳು ಗೇರಿನ ಡಿಎಸ್‌ಜಿಗೆ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ, ಇರುವುದು ಒಣ ಕ್ಲಚ್. ಅದು ತಾಳುವುದು ಸುಮಾರು 250 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ವಿಆರ್‌ಎಸ್ 230ರದ್ದು 350 ಎನ್‌ಎಂ. ಅದಕ್ಕೆಂದೇ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ನ ಆರು ಗೇರಿನ ಡಿಎಸ್‌ಜಿ ಕೊಟ್ಟಿದ್ದಾರೆ. ಎಂಜಿನ್ ಪವರ್ ಏರಿಸಿ ಗೇರ್‌ಬಾಕ್ಸ್ ಹಾಗೇ ಬಿಟ್ಟ ಕಾರನ್ನು ನಾನು ಯಾರಿಗೂ ಕೊಳ್ಳಿ ಅನ್ನುವುದಿಲ್ಲ.

ಅಂದಿನಿಂದ ಟೆಸ್ಟ್ ಡ್ರೈವ್‌ನಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ ಗೇರ್ ಎಣಿಸುತ್ತೇನೆ. ಏಳನೇ ಗೇರ್ ಬಿತ್ತೆಂದರೆ ಅದು 230 ಅಲ್ಲ. ಆದರೆ ಅಷ್ಟಕ್ಕೇ ಅದು ವಿಆರ್‌ಎಸ್ಸೇ ಅಲ್ಲ ಅನ್ನಬೇಡಿ. 2020ರಲ್ಲಿ ಭಾರತಕ್ಕೆ ಬರೀ 200 ಬಂದ ವಿಆರ್‌ಎಸ್ 245ಕ್ಕೂ ಏಳು ಗೇರ್ ಇದೆ. ಸಿಸಿ ನೋಡುವುದೇ ಮೊದಲು.

ಕೊನೆಗೆ ಸಿಕ್ಕಿದ್ದು ಶಿರಸಿಯಲ್ಲಿ, ಕೆಎ-31 ನಂಬರಿನ ಕಾರು. ಆರ್‌ಸಿಯಲ್ಲಿ 1984 ಇತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿದ್ದ ಸ್ಟಿಕರ್ ಫೋಟೋ ತೆಗೆದೆ. ಚಾಸಿ ನಂಬರ್, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೋಡ್, ಫ್ಯಾಕ್ಟರಿಯಲ್ಲಿ ಏನೇನು ಹಾಕಿದ್ದಾರೆ ಅನ್ನುವ ಪುಟ್ಟ ಪುಟ್ಟ ಕೋಡ್, ಎಲ್ಲ ಅದರಲ್ಲೇ ಇರುತ್ತವೆ. ಸರ್ವಿಸ್ ಪುಸ್ತಕದಲ್ಲೂ ಅದೇ ಸ್ಟಿಕರ್. ಎರಡನ್ನೂ ಒಂದೊಂದೇ ಅಕ್ಷರ ತಾಳೆ ನೋಡಿದೆ. ಕಾರ್ಪೆಟ್ ಎತ್ತಿದಾಗಲೇ ತೇವ ಇದೆಯಾ ಅಂತಲೂ ಮುಟ್ಟಿ ನೋಡಿದೆ, ಮಲೆನಾಡಿನ ಮಳೆ ಅಲ್ವಾ. ಕರಾವಳಿಯ ಕಾರಾಗಿದ್ದರೆ ಲಿಫ್ಟ್‌ಗೆ ಏರಿಸಿ ಅಡಿಭಾಗದ ತುಕ್ಕು ನೋಡದೆ ಅಡ್ವಾನ್ಸ್ ಕೊಡುತ್ತಿರಲಿಲ್ಲ.

ದೇವಿಮನೆ ಘಾಟ್ ಇಳಿದು ಹತ್ತಿದೆವು. ಕೆಳಗೆ ನೇರ ರಸ್ತೆ ಸಿಕ್ಕಾಗ ಗೇರ್ ಎಣಿಸಿದೆ. ಆರೇ.

ಒಂದೇ ಕೊರತೆ, ವೀಲ್. ಇರಬೇಕಾಗಿದ್ದು 18 ಇಂಚು, ಇದ್ದಿದ್ದು 17.

"ಗುಂಡಿ ರಸ್ತೆಗೆ ಅಂತ ಬದಲಾಯಿಸಿದ್ದು ತಮ್ಮಾ. ಹಳೇದು ಮನೇಲೇ ಇದೆ" ಅಂದರು ಮಾಲೀಕರು.

ಇನ್ಶೂರೆನ್ಸ್ ಪಾಲಿಸಿಯಲ್ಲಿ ವೇರಿಯಂಟ್ ತಪ್ಪಾಗಿ ಬರೆದಿತ್ತು. ಕ್ಲೇಮ್ ಸಮಯದಲ್ಲಿ ಒದ್ದಾಡುವುದು ಬೇಡ ಅಂತ ವರ್ಗಾವಣೆಗೆ ಮೊದಲೇ ಸರಿ ಮಾಡಿಸಿದೆವು. ಹಣ ಕೊಟ್ಟ ದಿನ ಅಡಿಕೆ ಚೀಲಗಳ ಹಿಂದಿನಿಂದ ನಾಲ್ಕೂ ವೀಲ್ ಹೊರಬಂದವು. ರಿಮ್ ಬಾಗಿದೆಯಾ ಅಂತ ಅಂಗಳದಲ್ಲೇ ಒಂದೊಂದನ್ನೂ ಉರುಳಿಸಿ ನೋಡಿ, ಹಿಂದಿನ ಸೀಟು ಮಡಚಿ ತುಂಬಿಕೊಂಡು ಕಾರವಾರಕ್ಕೆ ಹೊರಟೆ.