ಮಕ್ಕಳ ಜೊತೆ ‘ದಿ ಗ್ರೇಟ್ ಎಸ್ಕೇಪ್’ ನೋಡುವುದು ಹೇಗೆ?

ಹಳೇ ಸಿನಿಮಾ, ರಕ್ತ ಕಡಿಮೆ, ಮುಜುಗರದ ದೃಶ್ಯ ಇಲ್ಲ. ಹೀಗಂದುಕೊಂಡು ಮಕ್ಕಳನ್ನು ಟಿವಿ ಮುಂದೆ ಕೂರಿಸಿ ದೊಡ್ಡವರು ಎದ್ದು ಹೋಗುತ್ತಾರೆ. 1963ರ ಈ ಚಿತ್ರಕ್ಕೆ ಹಾಗೆ ಮಾಡಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಶಿಬಿರದಿಂದ ಸುರಂಗ ತೋಡಿ ತಪ್ಪಿಸಿಕೊಳ್ಳುವ ಕೈದಿಗಳ ಕತೆ ಇದು. ಗುನುಗುವಂಥ ಟ್ಯೂನ್, ತಮಾಷೆ ಎಲ್ಲಾ ಇದೆ. ಮಕ್ಕಳು ನಗುತ್ತಿರುವಾಗಲೇ ಸಾವು ಎದುರಾಗುತ್ತದೆ.

ಮೊದಲು ವಯಸ್ಸು. ಹತ್ತು ದಾಟದವರಿಗೆ ಬೇಡವೇ ಬೇಡ. ಉದ್ದ 172 ನಿಮಿಷ, ಎರಡು ದಿನಕ್ಕೆ ಹಂಚಿ. ಚಿತ್ರದಲ್ಲಿ ಸೇದುವ ಸಿಗರೇಟಿನ ಬಗ್ಗೆ ಒಂದು ಮಾತು ಹೇಳಿದರೆ ಸಾಕು. ಇಕ್ಕಟ್ಟಿನ ಜಾಗಕ್ಕೆ ಹೆದರುವ ಮಗುವಾದರೆ ಸುರಂಗದ ದೃಶ್ಯಗಳಲ್ಲಿ ಪಕ್ಕದಲ್ಲೇ ಇರಿ.

ಕಷ್ಟ ಇರುವುದು ಐವ್ಸ್ ಎಂಬ ಕೈದಿಯ ಸಾವಿನಲ್ಲಿ. ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ 4ರ ಸಂಭ್ರಮ. ಆಲೂಗಡ್ಡೆಯಿಂದ ಕದ್ದು ಇಳಿಸಿದ ಸಾರಾಯಿ ಹಂಚುತ್ತಿರುತ್ತಾರೆ. ಅಷ್ಟರಲ್ಲಿ ಕೈದಿಗಳು ತೋಡುತ್ತಿದ್ದ ‘ಟಾಮ್’ ಎಂಬ ಸುರಂಗ ಕಾವಲಿನವರಿಗೆ ಸಿಕ್ಕಿಬೀಳುತ್ತದೆ. ಐವ್ಸ್ ಸುಮ್ಮನೆ ನಡೆದು ಹೋಗಿ ಮುಳ್ಳುತಂತಿ ಬೇಲಿ ಹತ್ತುತ್ತಾನೆ. ಗುಂಡು ಹಾರುತ್ತದೆ. ‘ಯಾಕೆ ಹತ್ತಿದ?’ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ‘ತಲೆ ಕೆಟ್ಟಿತ್ತು’ ಎಂದು ತಳ್ಳಿಹಾಕಬೇಡಿ. ಕೂಡಿಹಾಕಿದ್ದು ಅವನಿಗೆ ಸಾಕಾಗಿತ್ತು, ಉಳಿದಿದ್ದ ಒಂದು ಆಸೆಯೂ ಹೋಯಿತು ಅಂತ ಹೇಳಿ. ಅಲ್ಲೇ ಟಿವಿ ಆರಿಸಿ ಮಲಗಿಸಬೇಡಿ. ‘ಹ್ಯಾರಿ’ ಎಂಬ ಇನ್ನೊಂದು ಸುರಂಗದ ಕೆಲಸ ಮತ್ತೆ ಶುರುವಾಗುವವರೆಗೆ ನೋಡಿ, ಆಮೇಲೆ ನಿಲ್ಲಿಸಿ.

ತಪ್ಪಿಸಿಕೊಂಡ ಕೈದಿಯೊಬ್ಬ ಬೇಲಿ ಮೇಲಿಂದ ಬೈಕ್ ಹಾರಿಸುವ ದೃಶ್ಯ ಮುಗಿದ ಮೇಲೆ ಚಿತ್ರ ನಿಲ್ಲಿಸುವವರಿದ್ದಾರೆ. ಬೈಕ್ ತುಣುಕುಗಳನ್ನಷ್ಟೇ ಜೋಡಿಸಿದ ವಿಡಿಯೊಗಳಂತೂ ಇನ್ನೂ ಕೆಟ್ಟವು, ಅದೇ ಕತೆ ಅಂತ ಮಕ್ಕಳು ನಂಬುತ್ತಾರೆ. ಸಿಕ್ಕಿಬಿದ್ದವರನ್ನು ಲಾರಿಯಿಂದ ಬಯಲಲ್ಲಿ ಇಳಿಸುವುದು ಆಮೇಲೆ. ಕಾಲು ಚಾಚಿ ಸುಧಾರಿಸಿಕೊಳ್ಳಲು ಅಂದುಕೊಂಡಿರುತ್ತಾರೆ. ಹಿಂದೆ ಮಷಿನ್‌ಗನ್ ಸಜ್ಜಾಗುತ್ತದೆ. ಹೆಣ ತೋರಿಸುವುದಿಲ್ಲ. ಅದಕ್ಕೇ ಚಿಕ್ಕವರಿಗೆ ಏನಾಯಿತು ಅಂತ ತಿಳಿಯುವುದಿಲ್ಲ. ಚಿತ್ರವನ್ನು ಒಂದು ಕ್ಷಣ ತಡೆದು, ನೇರವಾಗಿ ಹೇಳಿ: ಕೊಂದರು.

ಚಿತ್ರ ಮುಗಿದ ಮೇಲೆ ನಿಜ ತಿಳಿಸಿ. 1944ರ ಮಾರ್ಚ್‌ನಲ್ಲಿ ‘ಸ್ಟಾಲಾಗ್ ಲುಫ್ಟ್ 3’ ಎಂಬ ಜರ್ಮನ್ ಸೆರೆಶಿಬಿರದಿಂದ 76 ಮಂದಿ ತಪ್ಪಿಸಿಕೊಂಡರು. 73 ಜನ ಮತ್ತೆ ಸಿಕ್ಕಿಬಿದ್ದರು. ಹಿಟ್ಲರನ ಆದೇಶದಂತೆ ಅವರಲ್ಲಿ 50 ಜನರನ್ನು ಕೊಂದರು, ಚಿತ್ರದಂತೆ ಒಂದೇ ಕಡೆ ಅಲ್ಲ, ಬೇರೆಬೇರೆ ಕಡೆ ಒಬ್ಬಿಬ್ಬರಂತೆ, ಕೆಲವರಂತೆ. ಬೈಕ್ ಓಟ ಕಟ್ಟುಕತೆ. ಇದನ್ನು ಮಾತ್ರ ಮೊದಲೇ ಹೇಳಬೇಡಿ, ಮಜಾ ಹೋಗುತ್ತದೆ ಅಲ್ವಾ?

ಎರಡನೇ ಭಾಗವನ್ನು ರಾತ್ರಿ ಹಾಕಬೇಡಿ. ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಿ, ಪ್ರಶ್ನೆಗಳು ಜಾಸ್ತಿ ಬರುತ್ತವೆ.