ಶ್ರುತಿಪೆಟ್ಟಿಗೆ ಇಲ್ದೆ ನಾಲ್ಕೇ ದನಿ: ಬರ್ಡ್‌ನ ಮಾಸ್ ಹಾಡಿದ ನನ್ನ ಅನುಭವ

ವಿಲಿಯಂ ಬರ್ಡ್‌ನ ನಾಲ್ಕು ದನಿಯ ಮಾಸ್ (ಕ್ಯಾಥೊಲಿಕ್ ಪೂಜೆಯ ಪ್ರಾರ್ಥನೆಗಳಿಗೆ ಕಟ್ಟಿದ ಸಂಗೀತ) ದೊಡ್ಡ ಕಾಯರ್‌ಗಳು ಹಾಡಿರೋದು ಯೂಟ್ಯೂಬಲ್ಲಿ ಬೇಕಾದಷ್ಟಿದೆ, ಆದ್ರೆ ಅದನ್ನೇ ಒಂದೊಂದು ದನಿಗೆ ಒಬ್ಬೊಬ್ರೇ ನಿಂತು ಹಾಡೋದು ಬೇರೆನೇ ಕೆಲಸ. ನಾನು ಬೇಸ್, ಅಂದ್ರೆ ಎಲ್ಲಕ್ಕಿಂತ ಕೆಳಗಿನ ದನಿ. ಇರೋದು ಇಂಗ್ಲೆಂಡಿನ ಎಸೆಕ್ಸಲ್ಲಿ. ಮಿಕ್ಕ ಮೂವರೂ ಇಲ್ಲಿಯೋರೇ, ಚಿಕ್ಕಂದಿನಿಂದ ಚರ್ಚ್ ಕಾಯರಲ್ಲಿ ಹಾಡ್ಕೊಂಡು ಬಂದೋರು, ನನ್ನ ಬಂಡವಾಳ ಮೈಸೂರಲ್ಲಿ ಕಲಿತ ಕರ್ನಾಟಕ ಸಂಗೀತದ ಸರಳೆ, ಜಂಟಿ, ಒಂದಷ್ಟು ವರ್ಣ ಅಷ್ಟೇ.

ಬರ್ಡ್ ಒಂದನೇ ಎಲಿಜಬೆತ್ ರಾಣಿಯ ಅರಮನೆಯ ಪ್ರಾರ್ಥನಾ ಗಾಯಕರ ತಂಡವಾದ ಚಾಪೆಲ್ ರಾಯಲ್‌ನಲ್ಲಿ ಸಂಬಳಕ್ಕಿದ್ದ ಸಂಗೀತಗಾರ, ಆದ್ರೆ ನಂಬಿಕೆಯಲ್ಲಿ ಪಕ್ಕಾ ಕ್ಯಾಥೊಲಿಕ್, ಆಗ ಇಲ್ಲಿ ಕ್ಯಾಥೊಲಿಕ್ ಮಾಸ್ ನಡೆಸೋದೇ ಅಪರಾಧ. ಹಾಗಾಗಿ 1592-95ರ ಸುಮಾರಿಗೆ ಅವನ ಮೂರು ಮಾಸ್‌ಗಳು ಅಚ್ಚಾದಾಗ ಟೈಟಲ್ ಪೇಜಿಲ್ಲ, ಇಸವಿಯಿಲ್ಲ, ಪ್ರಿಂಟರ್ ಹೆಸರಿಲ್ಲ. ಬರ್ಡ್ ಹೆಸರು ಮಾತ್ರ ಪುಟದ ಮೇಲಿದೆ, ಎದೆಗಾರಿಕೆ ನೋಡಿ! ಅದೇ ಹೊತ್ತಿಗೆ ಅವನು ಎಸೆಕ್ಸ್‌ನ ಸ್ಟಾಂಡನ್ ಮ್ಯಾಸಿಗೆ ಬಂದು ನೆಲೆಸ್ತಾನೆ, ಹತ್ರದಲ್ಲೇ ಅವನ ಆಶ್ರಯದಾತ ಪೀಟರ್ ಮನೆತನದ ಇಂಗಟ್‌ಸ್ಟೋನ್ ಹಾಲ್, ಪಾದ್ರಿಗಳು ಬಚ್ಚಿಟ್ಕೊಳ್ಳೋ ಗೂಡು ಆ ಮನೇಲಿ ಇವತ್ತಿಗೂ ಇದೆ. ಬಾಗಿಲು ಹಾಕ್ಕೊಂಡು ಇದ್ದಷ್ಟು ಜನ ಹಾಡೋಕೆ ಅಂತಲೇ ಬರೆದಿದ್ದು ಅನ್ಸತ್ತೆ, ಅದಕ್ಕೇ ನನಗೆ ನಾಲ್ಕೇ ಜನ ಹಾಡೋದು ಸರಿ ಅನ್ನಿಸೋದು.

ನಮಗೆ ಕಂಡಕ್ಟರ್ ಇಲ್ಲ. ಒಬ್ರ ಮುಖ ಒಬ್ರಿಗೆ ಕಾಣೋ ಹಾಗೆ ನಿಲ್ತೀವಿ, ಶುರು ಮಾಡೋರು ಎಳ್ಕೊಳ್ಳೋ ಉಸಿರೇ ನಮಗೆ ಲಯ. ಆಮೇಲೆ ಪ್ರತಿ ದನಿಗೂ ಅದರದ್ದೇ ಎತ್ತುಗಡೆ, ಎಲ್ರೂ ಒಟ್ಟಿಗೆ ಬಂದು ಬೀಳೋ ಸಮ ಅನ್ನೋದು ಹುಡುಕಿದ್ರೂ ಸಿಗಲ್ಲ. ಬರ್ಡ್ ಕಾಲದ ಪುಸ್ತಕದಲ್ಲಿ ಒಬ್ರಿಗೆ ಅವರ ಸಾಲು ಮಾತ್ರ ಇರ್ತಿತ್ತು, ತಾಳದ ಅಳತೆ ತೋರಿಸೋ ಬಾರ್ ಗೆರೆನೂ ಇಲ್ಲ. ನಾವೂ ಕೆಲವು ಸಲ ಹಾಗೇ ಬರ್ಕೊಂಡು ಹಾಡ್ತೀವಿ, ಕಣ್ಣಿಗೆ ಕೆಲಸ ಕಮ್ಮಿಯಾದ್ರೆ ಕಿವಿ ತಾನಾಗೇ ಚುರುಕಾಗತ್ತೆ. ಉಸಿರು ತಗೊಳ್ಳೋ ಜಾಗ ಪೆನ್ಸಿಲಲ್ಲಿ ಗುರುತು ಹಾಕ್ಲೇಬೇಕು, ಕಾಯರಲ್ಲಾದ್ರೆ ಪಕ್ಕದೋರು ಎಳೀತಾರೆ, ಇಲ್ಲಿ ನಾನು ನಿಲ್ಸಿದ್ರೆ ಬೇಸೇ ಇಲ್ಲ.

ನಿಜವಾದ ಕಷ್ಟ ಶ್ರುತಿದು. ಪಿಯಾನೋದ ಗಾಂಧಾರ ಷಡ್ಜದಿಂದ 400 ಸೆಂಟ್ಸ್ (ಸ್ವರಗಳ ಅಂತರ ಅಳೆಯೋ ಅಳತೆ) ಮೇಲೆ, ಶುದ್ಧವಾಗಿ ಕೂರೋ ಗಾಂಧಾರ 386, ಆ 14 ಸೆಂಟ್ಸ್ ಹೆಚ್ಚಾದ್ರೆ ಸ್ವರಗಳು ಒಂದಕ್ಕೊಂದು ಉಜ್ಜಿದ ಹಾಗೆ ಕೇಳತ್ತೆ. ಪಿಯಾನೋ ಮೇಲೆ ಕಲಿತ ಮೂವರಿಗೂ ಇದು ತಲೇಲಿ ಗೊತ್ತು, ಗಂಟಲಿಗೆ ಬರೋಕೆ ಟೈಮ್ ಹಿಡೀತು. ನಾನು ಫೋನಲ್ಲಿ ತಂಬೂರಿ ಆಪ್ ಹಾಕಿ ಮಂದ್ರ ತಂತಿಯಿಂದ ತಾನಾಗೇ ಏಳೋ ಗಾಂಧಾರ ಕೇಳಿಸ್ದೆ, ಆಲ್ಟೋ (ಮೇಲಿಂದ ಎರಡನೇ ದನಿ) ಹಾಡೋರು ಅದರ ಮೇಲೇ ದನಿ ಇಟ್ರು, ರೂಮೇ ಗುಂಯ್ ಅಂತು!

ಆದ್ರೆ ಆ ಆಪ್ ನೆಚ್ಕೊಂಡು ಇಡೀ ಮಾಸ್ ಹಾಡೋಕಾಗಲ್ಲ, ಯಾಕಂದ್ರೆ ಇಲ್ಲಿ ಆಧಾರ ಒಂದೇ ಕಡೆ ನಿಲ್ಲಲ್ಲ, ಎರಡು ಹೆಜ್ಜೆಗೊಂದು ಗ್ರಹಭೇದ, ಅಂದ್ರೆ ಷಡ್ಜವೇ ಬೇರೆ ಸ್ವರಕ್ಕೆ ಬದಲಾಗೋದು ಅಂತಿಟ್ಕೊಳ್ಳಿ. ಬೇಸ್ ಅಂದ್ರೆ ಕಾಲು ಬಂದಿರೋ ತಂಬೂರಿ. ನಾನು ಪಂಚಮಕ್ಕೆ ಹೋದ್ರೆ ಅದೇ ಹೊಸ ಷಡ್ಜ, ಮೇಲಿರೋ ಕಾಕಲಿ ನಿಷಾದ (ಷಡ್ಜಕ್ಕೆ ಹತ್ತಿರದ, ಏರಿದ ನಿ) ಅದಕ್ಕೆ ಗಾಂಧಾರವಾಗಿ ಕೂರ್ಬೇಕು. ನಮ್ಮಲ್ಲಿ ಕಾಕಲಿನ ಷಡ್ಜದ ಕಡೆ ಸ್ವಲ್ಪ ಏರಿಸಿ ಹಿಡಿಯೋ ಅಭ್ಯಾಸ ಇದೆಯಲ್ಲ, ಇಲ್ಲಿ ಹಾಗೆ ಹಿಡಿದ್ರೆ ಕೆಟ್ಟಿತು.

ಮಾಸ್‌ನ ಕೊನೇ ಭಾಗವಾದ ಆಗ್ನುಸ್ ದೇಯಿಯಲ್ಲಿ ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬರತ್ತೆ. ಪ್ರಾರ್ಥನೆ ಮೂರು ಸಲ ಬರತ್ತೆ, ಮೊದಲ ಸಲ ಎರಡೇ ದನಿ, ನಾನು ಸುಮ್ನೆ ನಿಂತಿರ್ತೀನಿ, ಆಮೇಲೆ ಮೂರು, ಕೊನೆಗೆ ನಾಲ್ಕು. ‘ದೋನಾ ನೋಬಿಸ್ ಪಾಚೆಮ್’, ಅಂದ್ರೆ ನಮಗೆ ಶಾಂತಿ ಕೊಡು ಅನ್ನೋ ಜಾಗದಲ್ಲಿ ಒಬ್ರು ಸ್ವರ ಹಿಡಿದು ನಿಲ್ತಾರೆ, ಇನ್ನೊಬ್ರು ಬಂದು ಅದಕ್ಕೆ ತಗುಲೋ ಸ್ವರ ಇಡ್ತಾರೆ, ಹಿಡಿದೋರು ಒಂದು ಮೆಟ್ಟಲು ಇಳೀತಾರೆ, ಇಳಿಯೋ ಅಷ್ಟರಲ್ಲಿ ಮತ್ತೊಬ್ರದ್ದು ತಗುಲ್ಕೊಂಡಿರತ್ತೆ. ನಾವು ಇದನ್ನ ತುಂಬಾ ನಿಧಾನಕ್ಕೆ ಪ್ರಾಕ್ಟೀಸ್ ಮಾಡಿದ್ವಿ, ತಿಕ್ಕಾಟ ಬಂದಾಗ ದನಿ ಹಿಂದೆ ತಗೊಳ್ದೆ ಒತ್ತಿ ಹಿಡಿಯೋದು, ಇಳಿದ್ಮೇಲೆ ಹಗುರ ಮಾಡೋದು. ಅಷ್ಟು ಹೊತ್ತು ಸಾಧಾರಣ ಗಾಂಧಾರದ (ತಗ್ಗಿನ ಗ) ಛಾಯೆಯಲ್ಲಿದ್ದದ್ದು ಎಲ್ಲ ದನಿ ಒಟ್ಟಿಗೆ ನಿಲ್ಲೋ ಕೊನೇ ಕಾರ್ಡಲ್ಲಿ ಅಂತರ ಗಾಂಧಾರಕ್ಕೆ (ಏರಿದ ಗ) ತಿರುಗತ್ತೆ, ಅದು ಯಾರ ಪಾಲಿಗೆ ಬಂದಿದ್ಯೋ ಅವರು ಜಂಬದಿಂದ ಜೋರು ಮಾಡ್ಬಾರ್ದು ಅಷ್ಟೇ.

ಇನ್ನು ಯಾವ ಪಿಚ್ಚಲ್ಲಿ ಹಾಡೋದು ಅನ್ನೋದು ಮುಗಿಯದ ಜಗಳ. ಆಗಿನ ಬರಹಕ್ಕೆ ಈಗಿನ 440 ಹರ್ಟ್ಸ್ ಅನ್ನೋ ಗೊತ್ತಾದ ಶ್ರುತಿಯ ಕಟ್ಟು ಇಲ್ಲ, ಎಲ್ಲಿ ಬೇಕಾದ್ರೂ ಇಟ್ಕೋಬಹುದು. ಆಲ್ಟೋಗೆ ಸುಖವಾಗ್ಲಿ ಅಂತ ಇಳಿಸಿದ್ರೆ ನನ್ನ ಕೆಳಗಿನ ಸ್ವರ ಗೊರಗೊರ ಅನ್ನತ್ತೆ, ವೋಟ್ ಹಾಕಿದಾಗೆಲ್ಲ ಅವರ ಮೂರಕ್ಕೆ ನನ್ನದೊಂದೇ, ನಾನೇ ಸೋಲೋದು.